ಹಾಡಿನೊಳಗಿನ ಕೆಮ್ಮು

ಎದುರಿನ ಸಲೂನಿನಿಂದ ಆ ಕೆಮ್ಮು ಕೇಳಿಸಿದಾಗ ಇಸ್ತ್ರಿಯಮ್ಮನ ಕೈಯಲ್ಲಿ ಯಾರದೋ ಬಿಳಿ ಅಂಗಿಯಿತ್ತು. ಮೂರು ಗಿಡ್ಡ ಕೆಮ್ಮು, ಆಮೇಲೆ ಒಂದು ಉದ್ದನೆಯದು, ಕೊನೆಗೆ ಖಾಲಿ ಕೊಡವನ್ನು ನೆಲದ ಮೇಲೆ ಎಳೆದ ಹಾಗೆ ಒಂದು ಉಸಿರು. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಳಗೆ ಹೋದಳು. ಒಲೆ ಹೊತ್ತಿಸಿ ಚಿಕ್ಕ ಪಾತ್ರೆಯಲ್ಲಿ ನೀರಿಟ್ಟಳು. ನೀರು ಸಣ್ಣಗೆ ಸದ್ದು ಮಾಡತೊಡಗಿದ ಮೇಲೆ ಗಂಡ ಸತ್ತು ವರ್ಷ ದಾಟಿದ್ದು ನೆನಪಾಯಿತು.

ಒಲೆ ಆರಿಸಿ ಹೊರಗೆ ಬಂದು ಮತ್ತೆ ಅಂಗಿ ಹಿಡಿದಳು. ತೋಳಿನ ಮಡಿಕೆ ಸೊಟ್ಟಗಾಯಿತು. ನೀರು ಚಿಮುಕಿಸಿ ಇನ್ನೊಮ್ಮೆ ಎಳೆದಳು.

ಇದು ಮೊದಲ ಸಲವೇನಲ್ಲ. ಮಗನ ಆಲ್ಬಂ ಬಂದ ಮೇಲೆ ದಿನಕ್ಕೆ ಎಷ್ಟು ಸಲ ಹೀಗೆ ನೀರಿಟ್ಟು ಒಲೆ ಆರಿಸಿದ್ದಳೋ ಲೆಕ್ಕವಿಲ್ಲ. ಆ ಮನೆಯಲ್ಲಿ ಒಂದು ರೂಢಿ ಬೆಳೆದುಬಿಟ್ಟಿತ್ತು. ಯಜಮಾನ ಕೆಮ್ಮಿದರೆ ಯಾರು ಹತ್ತಿರವಿದ್ದಾರೋ ಅವರು ಎದ್ದು ನೀರು ಬಿಸಿ ಮಾಡುವುದು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಜಗಳ ನಡೆಯುತ್ತಿದ್ದರೂ ಅಷ್ಟೇ, ಕೆಮ್ಮು ಕೇಳಿದರೆ ಬೈಯುತ್ತಿದ್ದವರು ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ ನೀರಿಟ್ಟು ಬಂದು ಉಳಿದರ್ಧ ಬೈಯುತ್ತಿದ್ದರು. ಕೈಕಾಲಿಗೆ ಅಂಟಿದ ಅಭ್ಯಾಸ, ಮನುಷ್ಯ ಹೋದ ಎಂದು ಅದಕ್ಕೆ ಯಾರು ತಿಳಿಹೇಳಬೇಕು?

ಗಂಡ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದವನು. ಉಳ್ಳವರ ಮನೆಯ ನೆಲಕ್ಕೆ, ಅಡುಗೆಕಟ್ಟೆಗೆ ಹಾಸುವ ಕಲ್ಲು. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಹಿಟ್ಟು ಚೆಲ್ಲಿಕೊಂಡವನ ಹಾಗೆ ಬೆಳ್ಳಗಿರುತ್ತಿತ್ತು. ಧೂಳು ಮೈಮೇಲೆ ಬಿದ್ದದ್ದು ಸ್ನಾನದಲ್ಲಿ ಹೋಯಿತು, ಒಳಗೆ ಇಳಿದದ್ದು ಹೋಗಲಿಲ್ಲ. ಅವನು ಹಾಸಿಗೆ ಹಿಡಿದ ಮೇಲೆ ಮನೆ ನಡೆಯಬೇಕಲ್ಲ, ಓದು ಬಿಟ್ಟ ಮಗ ಅದೇ ಕಾರ್ಖಾನೆಯಲ್ಲಿ, ಅದೇ ಯಂತ್ರದ ಮುಂದೆ ನಿಂತ. ಎರಡು ವರ್ಷ ದುಡಿದ. ಯಂತ್ರದ ಸದ್ದಿಗೆ ತಾಳ ಹಾಕಿಕೊಂಡು ಅಲ್ಲೇ ಪದ ಕಟ್ಟುವುದನ್ನು ಕಲಿತ. ಅಪ್ಪ ಹೋದ ಮೇಲೆ ಕೆಲಸ ಬಿಟ್ಟ.

ಕೆಮ್ಮನ್ನು ಫೋನಿನಲ್ಲಿ ಹಿಡಿದಿಟ್ಟದ್ದಕ್ಕೂ ಕಾರಣವಿತ್ತು. ಗಂಡನನ್ನು ಡಾಕ್ಟರ ಹತ್ತಿರ ಕರೆದೊಯ್ದಾಗಲೆಲ್ಲ ಅವನ ಕೆಮ್ಮು ನೆಂಟರ ಮುಂದೆ ಕೂತ ಮಗುವಿನ ಹಾಗೆ ಗಪ್‌ಚಿಪ್ಪಾಗುತ್ತಿತ್ತು. ಡಾಕ್ಟರು ಬೇಸತ್ತು, "ಮನೇಲಿ ಕೆಮ್ಮುವಾಗ ರೆಕಾರ್ಡ್ ಮಾಡ್ಕೊಂಡು ಬನ್ನಿ" ಎಂದಿದ್ದರು. ಮಗ ಅಪ್ಪನ ತಲೆದಿಂಬಿನ ಪಕ್ಕ ಫೋನಿಟ್ಟು ಕೂತಿದ್ದನ್ನು ಮನೆಯವರೆಲ್ಲ ಕಂಡಿದ್ದರು. ಆದ್ದರಿಂದ ಹಾಡಿನಲ್ಲಿ ಕೆಮ್ಮು ಕೇಳಿಸಿದ ದಿನ ಯಾರೂ ಅದು ಯಾರದೆಂದು ಕೇಳಲಿಲ್ಲ. ಇಸ್ತ್ರಿಯಮ್ಮ ಮಾತ್ರ ಒಂದೇ ಸಲ, "ಅಪ್ಪಂದೇ ತಾನೆ?" ಎಂದಿದ್ದಳು. "ನಮ್ಮನೇದೇ ಅಮ್ಮ" ಎಂದು ಮಗ ಫೋನು ಜೇಬಿಗಿಳಿಸಿದ್ದ.

ಆಲ್ಬಮ್ಮಿನ ಹೆಸರು 'ಧೂಳು'. ಹಾಡುವವನ ಹೆಸರು 'ಗರಗಸ'. ಹೆತ್ತವರು ಇಟ್ಟ ಹೆಸರಿಗೆ ಏನು ಬಂದಿತ್ತು ಕೇಡು ಎಂದು ಇಸ್ತ್ರಿಯಮ್ಮ ಗೊಣಗಿದ್ದಳು. ಆದರೆ ಗರಗಸ ಊರನ್ನೇ ಕೊಯ್ದುಹಾಕಿತು. ಬಸ್ಸಿನಲ್ಲಿ ಅದೇ, ಮದುವೆಮನೆಯಲ್ಲಿ ಅದೇ, ಪಕ್ಕದ ಬೀದಿಯ ಹುಡುಗರ ಫೋನು ರಿಂಗಾದರೂ ಅದೇ. ಎಂಟು ಹಾಡುಗಳಿದ್ದರೂ ಜನ ಹಿಡಿದುಕೊಂಡದ್ದು ಒಂದನ್ನೇ. ಅದರಲ್ಲಿ ತಾಳವೇ ಕೆಮ್ಮು. ಮೂರು ಗಿಡ್ಡ, ಒಂದು ಉದ್ದ, ಆಮೇಲೆ ಮಗನ ದನಿ:

ನಿಮ್ಮನೆ ನೆಲ ಕನ್ನಡಿ, ಮುಖ ನೋಡ್ಕೊಳ್ಳಿ,
ನಮ್ಮಪ್ಪನೆದೆ ಗೋಣಿಚೀಲ, ಧೂಳು ತುಂಬ್ಕೊಳ್ಳಿ.

ಟೀವಿಯಲ್ಲಿ ನಾಲ್ಕು ಜನ ಕೂತು ವಾದ ಮಾಡಿದರು. ಇದು ಹಾಡೇ ಅಲ್ಲ ಎಂದು ಒಬ್ಬ, ಇದೇ ಹಾಡು ಎಂದು ಇನ್ನೊಬ್ಬ. ಹೆಣದ ಮೇಲಿನ ವ್ಯಾಪಾರ ಎಂದಳು ಒಬ್ಬ ಹೆಂಗಸು. ಬೈದವರೂ ಕೇಳಿಯೇ ಬೈದರು, ಹಾಗಾಗಿ ಕೇಳಿದವರ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು.

ಸಲೂನಿನವನಿಗೆ ಹಾಡು ನಿಲ್ಲಿಸು ಎನ್ನಲು ಇಸ್ತ್ರಿಯಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ರಸ್ತೆ ದಾಟಿದಳು. ಅವನು ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದವನು ಬ್ರಷ್ ಹಿಡಿದೇ ಎದ್ದು ಬಂದ.

"ಕೇಳಿಸ್ತಾ ಇದೆಯಾ ಅಮ್ಮ, ಅಂಗಡಿಗೆ? ಇನ್ನೂ ಸ್ವಲ್ಪ ಜೋರು ಮಾಡ್ಲಾ?"

"ಬೇಡಪ್ಪ, ಚೆನ್ನಾಗೇ ಕೇಳಿಸ್ತಿದೆ."

"ನಿಮ್ಮನೆಯವರಿಗೆ ಕಡೇ ತನಕ ಗಡ್ಡ ಮಾಡಿದ್ದು ನಾನೇ ಅಲ್ವಾ. ಅವರ ಕೆಮ್ಮು ಕೇಳಿದ್ರೆ ಇಲ್ಲೇ ಕುರ್ಚೀಲಿ ಕೂತಿದಾರೆ ಅನ್ಸುತ್ತೆ. ನಂಗೆ ಅದೊಂದು ಸಮಾಧಾನ."

ಮಗಳ ಮಗುವಿಗೆ ಕೂದಲು ಕತ್ತರಿಸಬೇಕಿತ್ತು ಎಂದು ಏನೋ ಹೇಳಿ ವಾಪಸು ಬಂದಳು.

ಹಾಡಿನಿಂದ ಬೆಂಕಿ ಬಿದ್ದದ್ದು ಕಾರ್ಖಾನೆಗೆ. ಗಂಡನ ಜೊತೆ ಕೆಲಸ ಮಾಡಿದ್ದ ಮೇಸ್ತ್ರಿ ಒಂದು ಮಧ್ಯಾಹ್ನ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತ. ಬಟ್ಟೆ ತಂದಿರಲಿಲ್ಲ.

"ನಿನ್ನ ಮಗ ನಮಗೆ ಒಳ್ಳೇದು ಮಾಡೋಕೆ ಹೋಗಿ ಬಾಯಿಗೆ ಮಣ್ಣು ಹಾಕಿದ ತಂಗಿ."

"ಏನಾಯ್ತಣ್ಣ?"

"ಆಗೋದೇನು? ಹಾಡು ಕೇಳಿ ಯಾರೋ ಸಾಹೇಬ್ರು ತಪಾಸಣೆಗೆ ಬಂದ್ರು. ಧಣಿ ಹೆದರ್ಕೊಂಡ. ಧೂಳು ತಡೆಯೋ ಯಂತ್ರ ಹಾಕ್ತಾನೆ ಅಂದ್ಕೊಂಡ್ವಿ. ಅವನು ಕೆಮ್ಮೋರನ್ನೆಲ್ಲ ಮನೆಗೆ ಕಳಿಸ್ದ. ಈಗ ಅಲ್ಲಿ ಕೆಮ್ಮಂಗಿಲ್ಲ. ಕೆಮ್ಮು ಬಂದ್ರೆ ಕಕ್ಕಸಿಗೆ ಹೋಗಿ ನಲ್ಲಿ ಬಿಟ್ಕೊಂಡು ಕೆಮ್ತೀವಿ."

"ಹುಡುಗರು ಮೊನ್ನೆ ಅವನ ಫೋಟೋ ಗೇಟಿಗೆ ಅಂಟಿಸಿದ್ರಂತಲ್ಲ?"

"ಅಂಟಿಸಿದ್ರು. ಕೆಲಸ ಹೋದೋರು ಹರಿದ್ರು. ಅವರವರೇ ಕೈಕೈ ಮಿಲಾಯಿಸಿದ್ರು." ಮೇಸ್ತ್ರಿ ಮಾತು ನಿಲ್ಲಿಸಿ ಗಂಟಲು ಬಿಗಿಹಿಡಿದ. ಮುಖ ಕೆಂಪಾಯಿತು. ಬೀದಿಯ ಎರಡೂ ಕಡೆ ನೋಡಿ, ಅಂಗಡಿಯೊಳಗೆ ಬಂದು, ಗಿರಾಕಿಗಳ ಹೊದಿಕೆಯ ರಾಶಿಯ ಹಿಂದೆ ಬಗ್ಗಿ ಕೆಮ್ಮಿದ.

ಇಸ್ತ್ರಿಯಮ್ಮ ನೀರಿಟ್ಟಳು. ಆ ದಿನ ಒಲೆ ಆರಿಸಬೇಕಾಗಲಿಲ್ಲ.

ಮಗಳು ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಭಾನುವಾರ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಎಲ್ಲಿ ನಿನ್ನ ರಾಜಕುಮಾರ?"

"ಅವನು ಹಾಡಿನ ಕಂಪನಿ ಕೊಟ್ಟಿರೋ ರೂಮಲ್ಲಿ ಇರ್ತಾನೆ. ಬುಧವಾರ ಬರ್ತಾನೆ, ಬಟ್ಟೆ ತಗೊಂಡು."

"ಬಟ್ಟೆ ಒಗೆಯೋಕೆ ಅಮ್ಮ ಬೇಕು. ಅಪ್ಪನ ಮಾನ ಒಗೆಯೋಕೆ ಊರು ಬೇಕು. ನಮ್ಮ ಶಾಲೇಲಿ ಮಕ್ಕಳು ನನ್ನ ಕಂಡ್ರೆ ಕೆಮ್ತಾರಮ್ಮ. ಹೆಡ್‌ಮೇಷ್ಟ್ರು ಕರೆದು ಬುದ್ಧಿ ಹೇಳ್ಲಾ ಅಂದ್ರು. ಏನಂತ ಹೇಳ್ತಾರೆ? ಇವರ ಸತ್ತುಹೋದ ಅಪ್ಪನ ಹಾಗೆ ಕೆಮ್ಬೇಡಿ ಅಂತಲಾ?"

"ಮೆಲ್ಲಗೆ ಮಾತಾಡೇ. ಅಜ್ಜಿ ಇದಾರೆ."

"ಅಜ್ಜಿಗೂ ಗೊತ್ತಾಗ್ಲಿ. ಅಪ್ಪನ ಕೆಮ್ಮು ಮಾರಿ ಫ್ರಿಜ್ ತಂದಿದಾನೆ." ಅಡುಗೆಮನೆಯ ಮೂಲೆಯಲ್ಲಿದ್ದ ಹೊಸ ಫ್ರಿಜ್ಜಿನ ಬಾಗಿಲು ತೆಗೆದಳು. ಒಳಗೆ ದೀಪ ಹೊತ್ತಲಿಲ್ಲ. ತಣ್ಣೀರೂ ಇರಲಿಲ್ಲ. ಇಸ್ತ್ರಿಯಾದ ಬಟ್ಟೆಗಳ ಮಡಿಕೆಗಳು ಹಂತಹಂತವಾಗಿ ಕೂತಿದ್ದವು.

"ಇದೇನಮ್ಮ ಇದು?"

"ಧೂಳು ಕೂರಲ್ಲ ಅದರಲ್ಲಿ" ಎಂದಳು ಇಸ್ತ್ರಿಯಮ್ಮ.

ಮಗಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಮಗುವನ್ನು ನೆಲಕ್ಕೆ ಬಿಟ್ಟು ಮೂಗೊರೆಸಿಕೊಂಡಳು. ಅವಳಿಗೆ ಅಪ್ಪನೆಂದರೆ ಪ್ರಾಣ. ತಮ್ಮನೆಂದರೂ ಪ್ರಾಣವೇ, ಅದೇ ಅವಳ ತೊಂದರೆ.

ಊಟಕ್ಕೆ ಕೂತಾಗ ಅಜ್ಜಿಯ ತಟ್ಟೆಯ ಗುಟ್ಟು ರಟ್ಟಾಯಿತು. ಅಜ್ಜಿ ಸತ್ತವನ ತಾಯಿ. ಕಣ್ಣು ಮಂಜು, ಕಿವಿ ಮಾತ್ರ ಚುರುಕು, ನೆನಪು ಬಂದು ಹೋಗುವ ನೆಂಟ. ಮೂಲೆಯ ಮಂಚವೇ ಅವಳ ಲೋಕ. ಬಡಿಸಿದ ಅನ್ನದಲ್ಲಿ ಅರ್ಧ ತಿಂದು, ಉಳಿದದ್ದನ್ನು ಇನ್ನೊಂದು ತಟ್ಟೆಗೆ ಸುರಿದು, ಮುಚ್ಚಿ, ಮಂಚದ ಕೆಳಗೆ ತಳ್ಳಿದ್ದನ್ನು ಮೊಮ್ಮಗಳು ನೋಡಿಬಿಟ್ಟಳು.

"ಅಜ್ಜಿ, ಯಾರಿಗದು?"

"ನಿಮ್ಮಪ್ಪಂಗೆ. ಬೀದೀಲೇ ಓಡಾಡ್ತಿದಾನೆ. ಒಳಗೆ ಬರ್ತಿಲ್ಲ. ಏನಂದ್ಯೇ ಅವನಿಗೆ ನೀನು?" ಕೊನೆಯ ಮಾತು ಸೊಸೆಗೆ.

"ನಾನೇನೂ ಅಂದಿಲ್ಲ ಅತ್ತೆ."

"ಮತ್ತೆ ಯಾಕೆ ಹೊರಗೇ ಕೆಮ್ತಾನೆ? ಬೆಳಗಿಂದ ಕೆಮ್ತಿದಾನೆ, ನೀನು ಇಸ್ತ್ರಿ ಉಜ್ತಾ ನಿಂತಿದೀಯ. ನಿನ್ನ ಎದೆ ಕಲ್ಲು ಕಣೇ."

ಇಸ್ತ್ರಿಯಮ್ಮ ತುತ್ತನ್ನು ತಟ್ಟೆಗೆ ವಾಪಸು ಹಾಕಿದಳು. ಅತ್ತೆಗೆ ಹುಚ್ಚು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ದಿನವಿಡೀ ಇಲ್ಲದವನಿಗೆ ನೀರು ಕಾಯಿಸುವವಳು ಇನ್ನೊಬ್ಬರನ್ನು ಯಾವ ಬಾಯಿಂದ ಹುಚ್ಚಿ ಎಂದಾಳು? ಅವಳಿಗೂ ಹಾಗೆಯೇ ಅನ್ನಿಸುತ್ತಿತ್ತು. ಅವನು ಹೋಗಿಲ್ಲ, ಬೀದಿಯ ತಿರುವಿನಲ್ಲಿ ಎಲ್ಲೋ ನಿಂತಿದ್ದಾನೆ, ಬಾಗಿಲು ತೆಗೆಯುವವರಿಲ್ಲದೆ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದಾನೆ ಎಂದು. ಬಟ್ಟೆ ಕೊಡಲು ಬರುವವರ ಬೆನ್ನಹಿಂದೆ ಅವನು ನಿಂತಿರಬಹುದೆಂದು ಎರಡು ಸಲ ಇಣುಕಿ ನೋಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಆ ವಾರ ಅಜ್ಜಿ ಅರ್ಧ ಊಟವನ್ನೂ ಬಿಟ್ಟಳು. ಅವನು ಬಂದ ಮೇಲೇ ತಿನ್ನುತ್ತೇನೆ ಎಂದು ಹಟ. ಗಂಜಿ ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಾಳೆ. ಸತ್ತುಹೋದ ಎಂದು ಹೇಳಿದರೆ, "ಸತ್ತೋರು ಕೆಮ್ತಾರೇನೇ?" ಎಂದು ಕೇಳುತ್ತಾಳೆ. ಕೈ ಹಿಡಿದರೆ ಬರೀ ಮೂಳೆ ಸಿಗುವಷ್ಟು ಸೊರಗಿದಳು.

ಬುಧವಾರ ಮಗ ಬಂದ. ಕಂಪನಿಯವರು ಕೊಟ್ಟ ಗಿಳಿಹಸಿರು ಬಣ್ಣದ ದೊಡ್ಡ ಜಾಕೆಟ್ಟು, ಒಳಗೆ ಕಡ್ಡಿಯಂಥ ಮೈ. ಬಾಯಲ್ಲಿ ಸದಾ ಪೆಪ್ಪರ್‌ಮೆಂಟು. ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ಅಜ್ಜಿಯ ಕಾಲ ಬಳಿ ಕೂತು ಅವಳ ಪಾದ ಒತ್ತಿದ.

"ಸಿಗರೇಟು ಹಿಡಿದಿದೀಯಾ?" ಎಂದಳು ತಾಯಿ, ನೇರವಾಗಿ.

ಮಗ ತಲೆಯೆತ್ತಿದ. "ಯಾಕೆ?"

"ಬರುವಾಗೆಲ್ಲ ಬಾಯಲ್ಲಿ ಪೆಪ್ಪರ್‌ಮೆಂಟು. ವಾಸನೆ ಮುಚ್ಚೋಕೆ ತಾನೆ? ಅಪ್ಪ ಹೋಗಿದ್ದು ನೋಡಿನೂ ಬುದ್ಧಿ ಬರ್ಲಿಲ್ಲ."

ಅವನು ಪೆಪ್ಪರ್‌ಮೆಂಟನ್ನು ಇನ್ನೊಂದು ದವಡೆಗೆ ಸರಿಸಿದ. "ಹೂಂ ಅಮ್ಮ. ಬಿಡ್ತೀನಿ" ಎಂದ.

ಅವಳು ಕಳೆದ ವಾರ ಒಗೆದಿಟ್ಟಿದ್ದ ಅವನ ಅಂಗಿಯೊಂದನ್ನು ಹಾಸಿ ಇಸ್ತ್ರಿ ಎಳೆದಳು. ಬಿಸಿಗೆ ಬಟ್ಟೆ ಬಾಯಿಬಿಡುತ್ತದೆ. ಕುಡುಕನ ಅಂಗಿ, ಬೀಡಿ ಸೇದುವವನ ಅಂಗಿ, ಹೊಸದಾಗಿ ಪ್ರೀತಿಗೆ ಬಿದ್ದವನ ಅಂಗಿ, ಒಗೆದ ಮೇಲೂ ಹಬೆಯಲ್ಲಿ ತಮ್ಮ ಚಾಡಿ ತಾವೇ ಹೇಳುತ್ತವೆ. ಮಗನ ಅಂಗಿಯಿಂದ ಸೋಪಿನ ವಾಸನೆ ಬಂತು, ಹೊಗೆಯದಲ್ಲ. ಒಂದು ಕ್ಷಣ ಅವಳ ಕೈ ನಿಂತಿತು. ಗಂಟಿನಲ್ಲಿ ಒಂದೂ ಕರವಸ್ತ್ರವಿರಲಿಲ್ಲ, ಎಂದೂ ಇರುತ್ತಿರಲಿಲ್ಲ. ದೊಡ್ಡವನಾದ, ಬೀದಿಯಲ್ಲಿ ಮಾರುವ ಕಾಗದದ್ದು ಬಳಸುತ್ತಾನೇನೋ ಎಂದುಕೊಂಡಳು. ಅವಳ ತಲೆಯಲ್ಲಿ ಬೇರೆ ಮಾತು ಕುದಿಯುತ್ತಿತ್ತು.

"ಆ ಕೆಮ್ಮು ತೆಗೆದುಬಿಡೋ."

"ಯಾವುದು?"

"ಗೊತ್ತಿಲ್ಲದ ಹಾಗೆ ಆಡ್ಬೇಡ. ಅಜ್ಜಿ ಊಟ ಬಿಟ್ಟಿದಾರೆ. ಅಪ್ಪ ಬೀದೀಲಿ ಅಲೀತಿದಾನೆ ಅಂತ ಕಾಯ್ತಿದಾರೆ. ಹೀಗೇ ಆದ್ರೆ ಉಳಿಯಲ್ಲ ಅವರು."

"ಅಮ್ಮ, ಈಗ ಅದು ಎಲ್ಲಾ ಕಡೆ ಹೋಗಿಬಿಟ್ಟಿದೆ. ಎಲ್ಲಿಂದ ಅಂತ ತೆಗೀಲಿ?"

"ಶನಿವಾರ ಮೈದಾನದಲ್ಲಿ ಹಾಡ್ತೀಯಂತಲ್ಲ. ಮೈದಾನ ನಮ್ಮ ಮನೆ ಹಿತ್ತಲಿಗೆ ಅಂಟಿಕೊಂಡಿದೆ. ಅಷ್ಟು ದೊಡ್ಡ ಪೆಟ್ಟಿಗೆಗಳಲ್ಲಿ ನಿಮ್ಮಪ್ಪ ಕೆಮ್ಮಿದ್ರೆ ಅಜ್ಜಿ ಎದ್ದು ಹೊರಟುಬಿಡ್ತಾರೆ. ಆ ದಿನ ಒಂದು ತೆಗಿ."

"ಕಂಪನಿಯವರು ಒಪ್ಪಲ್ಲ. ಜನ ಬರೋದೇ ಅದಕ್ಕೆ."

"ಜನಕ್ಕೆ ಅದು ಹಾಡು. ನನಗೆ ಅದು ನಿಮ್ಮಪ್ಪ ಕಣೋ. ನಾನು ಮಲಗಿದ್ರೂ ಕೇಳ್ಬೇಕು, ಕೂತ್ರೂ ಕೇಳ್ಬೇಕು. ನೀನು ಊರಿಗೆಲ್ಲ ಹಂಚಿಬಿಟ್ಟೆ. ಅವರನ್ನ ನೆಮ್ಮದಿಯಾಗಿ ಹೋಗೋಕೆ ಬಿಡ್ಲಿಲ್ಲ ನೀನು."

ಅವಳಿಗೆ ತಾನು ಇಷ್ಟು ಮಾತಾಡಿದ್ದು ಆಶ್ಚರ್ಯವೆನಿಸಿತು. ಮಗನ ಮುಖ ನೋಡಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಜೇಬಿನಿಂದ ಇನ್ನೊಂದು ಪೆಪ್ಪರ್‌ಮೆಂಟು ತೆಗೆದು ಬಾಯಿಗೆ ಹಾಕಿಕೊಂಡ.

"ಆಯ್ತು. ಶನಿವಾರ ಆ ಕೆಮ್ಮು ಇರಲ್ಲ. ಆಣೆ" ಎಂದು ಎದ್ದ. ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟು, ಗಂಟಲಿಗೆ ಏನೋ ಸಿಕ್ಕಿದವನ ಹಾಗೆ ಬಾಯಿ ಮುಚ್ಚಿಕೊಂಡು ಬಿರಬಿರನೆ ಬೀದಿಗಿಳಿದ. ಮುನಿಸು ಎಂದುಕೊಂಡಳು ತಾಯಿ. ಮುನಿಸಿಕೊಳ್ಳಲಿ, ಮಾತು ಉಳಿಸಿಕೊಂಡರೆ ಸಾಕು.

ಶನಿವಾರ ಹೊತ್ತು ಇಳಿಯುವ ಮೊದಲೇ ಬೀದಿ ತುಂಬಿತು. ಕೂದಲಿಗೆ ಬಣ್ಣ ಹಚ್ಚಿದ ಹುಡುಗರು, ಬೆಳ್ಳನೆ ಪುಡಿಯನ್ನು ಮುಖಕ್ಕೆ ಬಳಿದುಕೊಂಡ ಹುಡುಗಿಯರು. ಅದೀಗ ಫ್ಯಾಷನ್ನಂತೆ, ಕಲ್ಲಿನ ಧೂಳಿನ ಗುರುತು. ಗಂಡ ದಿನವೂ ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಿದ್ದುದನ್ನು ಇವರು ಕಾಸು ಕೊಟ್ಟು ಹಚ್ಚಿಕೊಂಡು ಬಂದಿದ್ದರು. ಇಸ್ತ್ರಿಯಮ್ಮ ಬಾಗಿಲು ಕಿಟಕಿಗಳನ್ನು ಮುಚ್ಚಿದಳು. ಕಿಟಕಿಯ ಸಂದಿಗೆ ಹಳೆಯ ಬಟ್ಟೆ ತುರುಕಿದಳು. ಅತ್ತೆಯ ತಲೆಗೆ ಕಿವಿ ಮುಚ್ಚುವ ಹಾಗೆ ಉಲ್ಲನ್ ಟೋಪಿ ಹಾಕಿದಳು. ಅತ್ತೆ ಅದನ್ನು ಕಿತ್ತು ಎಸೆದಳು.

"ಸೆಕೆ ಕಣೇ. ನನ್ನನ್ನೇನು ಮೊಟ್ಟೆ ಮಾಡಿದೀಯಾ, ಕಾವು ಕೊಡೋಕೆ?"

ಸಲೂನಿನವನು ಅಂಗಡಿ ಬೇಗ ಮುಚ್ಚಿ, ಅಜ್ಜಿಯ ಜೊತೆಗೆ ಇರಲೆಂದು ಬಂದು ಬಾಗಿಲಲ್ಲಿ ಕೂತಿದ್ದ. "ನೀವೂ ಹೋಗಿ ಅಮ್ಮ, ಮಗನ ಹಾಡು. ನಾನಿದೀನಿ" ಎಂದ. ಅವಳು ತಲೆಯಾಡಿಸಿದಳು.

ಹಾಡುಗಳು ಒಂದೊಂದಾಗಿ ಬಂದವು. ಫ್ರಿಜ್ಜಿನ ಮೇಲಿಟ್ಟ ಲೋಟಗಳು ಸದ್ದಿಗೆ ಅಲುಗಿದವು. ಕೊನೆಗೆ ಆ ಹಾಡು ಶುರುವಾಯಿತು. ಅವಳು ಅತ್ತೆಯ ಕೈ ಹಿಡಿದು ಕೂತಳು. ಕೆಮ್ಮು ಬರಬೇಕಾದ ಜಾಗ ಬಂತು.

ಏನೂ ಬರಲಿಲ್ಲ. ಬರೀ ಖಾಲಿ. ಮಗ ಮಾತು ಉಳಿಸಿಕೊಂಡಿದ್ದ.

ಅವಳು ಉಸಿರು ಬಿಡುವಷ್ಟರಲ್ಲಿ ಮೈದಾನವೇ ಕೆಮ್ಮಿತು. ಕೆಮ್ಮಿಲ್ಲದ ಹಾಡು ಜನಕ್ಕೆ ಸೇರಲಿಲ್ಲವೋ ಏನೋ, ನೆರೆದವರೆಲ್ಲ ಸೇರಿ ತಾವೇ ಆ ಖಾಲಿಯನ್ನು ತುಂಬಿದರು. ಸಾವಿರಾರು ಗಂಟಲು, ಮೂರು ಗಿಡ್ಡ, ಒಂದು ಉದ್ದ. ಗೋಡೆ ನಡುಗಿತು. ಒಬ್ಬನನ್ನು ಸುಟ್ಟು ಬಂದರೆ ಇಷ್ಟೊಂದು ಜನರಾಗಿ ಹಿತ್ತಲಿಗೆ ಬಂದು ನಿಂತಿದ್ದಾನೆ.

"ಎಷ್ಟು ಜನ ಕೆಮ್ತಿದಾರೆ" ಎಂದಳು ಅಜ್ಜಿ, ನಿಧಾನವಾಗಿ. "ಆ ಧೂಳು ಎಲ್ಲರ ಮನೇಗೂ ಹೋಯ್ತಾ?"

ಎರಡನೆಯ ಸಲ ಜನ ಕೆಮ್ಮಿದರು, ನಕ್ಕರು, ಶಿಳ್ಳೆ ಹೊಡೆದರು. ಆ ಗದ್ದಲದ ನಡುವೆ ಇನ್ನೊಂದು ಕೆಮ್ಮು ಬಂತು. ಅದು ಮೈಕಿನಿಂದ ಬಂದದ್ದು. ಜನ ಹೋ ಎಂದರು. ಆಣೆ ಮುರಿದ ಎಂದು ಅವಳಿಗೆ ಮೊದಲು ಸಿಟ್ಟು ಬಂತು.

ಆದರೆ ಹಾಡಿನ ಕೆಮ್ಮು ಯಾವಾಗಲೂ ಒಂದೇ ಕಡೆ ನಿಲ್ಲುತ್ತಿತ್ತು, ಉದ್ದನೆಯದು ಮುಗಿದು ಆ ಎಳೆದ ಉಸಿರಿನ ಮೇಲೆ. ಅವಳಿಗೆ ಅದು ಬಾಯಿಪಾಠ. ಇದು ಅಲ್ಲಿ ನಿಲ್ಲಲಿಲ್ಲ. ಉಸಿರು ಎಳೆಯಿತು, ಮತ್ತೆ ಮೂರು ಗಿಡ್ಡ, ಮತ್ತೆ ಉದ್ದ, ಮತ್ತೆ. ತಾಳ ಮುಂದೆ ಹೋಗುತ್ತಿತ್ತು, ಕೆಮ್ಮು ತಾಳದಿಂದ ಹೊರಗೆ ಬಿದ್ದಿತ್ತು. ಮೈಕು ಯಾವುದಕ್ಕೋ ಬಡಿದ ಸದ್ದು. ಜನ ಇನ್ನೂ ಜೋರಾಗಿ ಕೂಗಿದರು.

"ಇದು ನಮ್ಮದು" ಎಂದಳು ಅಜ್ಜಿ. "ಹೋಗೇ. ಕೂತಿದೀಯಲ್ಲ."

ಇಸ್ತ್ರಿಯಮ್ಮ ನೀರಿಟ್ಟಳು. ಅವಸರಕ್ಕೆ ಎರಡು ಕಡ್ಡಿ ಮುರಿದವು. ಗಂಡ ಕಾರ್ಖಾನೆಗೆ ಒಯ್ಯುತ್ತಿದ್ದ ಫ್ಲಾಸ್ಕನ್ನು ಅಟ್ಟದಿಂದ ಇಳಿಸಿ, ತೊಳೆದು, ಬಿಸಿನೀರು ತುಂಬಿಸಿದಳು. ಸಲೂನಿನವನು ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಬೆಳ್ಳನೆ ಮುಖಗಳ ನಡುವೆ ಮೊಣಕೈಯಿಂದ ದಾರಿ ಮಾಡಿಕೊಂಡು ವೇದಿಕೆಯ ಹಿಂಬದಿಗೆ ಹೋದಳು. ಕಪ್ಪು ಪರದೆಯ ಮುಂದೆ ದಢೂತಿ ಕಾವಲುಗಾರನೊಬ್ಬ ಕೈ ಅಡ್ಡ ಹಿಡಿದ.

"ಪಾಸ್ ಎಲ್ಲಿ?"

"ನಾನು ಅವನ ತಾಯಿ."

"ಬೆಳಗಿಂದ ಹತ್ತು ಜನ ತಾಯಂದಿರು ಬಂದು ಹೋದ್ರು."

ಪರದೆಯ ಹಿಂದಿನಿಂದ ಕೆಮ್ಮು ಕೇಳಿಸಿತು, ಮೈಕಿಲ್ಲದೆ, ಮನುಷ್ಯನ ಗಾತ್ರದ್ದು.

"ಕೇಳಿಸ್ತಾ? ಅದಕ್ಕೆ ನೀರು ತಂದಿದೀನಿ. ಸರಿ ಆಚೆ" ಎಂದಳು. ಕಾವಲುಗಾರ ಸರಿದ.

ಮಗ ಒಂದು ಮರದ ಪೆಟ್ಟಿಗೆಯ ಮೇಲೆ ಮುದುಡಿ ಕೂತಿದ್ದ. ಹಣೆ ಒದ್ದೆ. ಮುಷ್ಟಿಯಲ್ಲಿ ಕರವಸ್ತ್ರ. ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿದ. ಅವನಪ್ಪನೂ ಹಾಗೇ ಕುಡಿಯುತ್ತಿದ್ದ, ಕಣ್ಣು ಮುಚ್ಚಿ.

"ಯಾವಾಗಿಂದ?"

"ಕಾರ್ಖಾನೆ ಬಿಡೋ ಮುಂಚಿಂದ."

"ಹಾಡಲ್ಲಿರೋದು?"

"ಅದೂ ನಂದೇ ಅಮ್ಮ. ಅಪ್ಪಂದು ಆ ಹಳೇ ಫೋನು ನೀರಿಗೆ ಬಿದ್ದಾಗ ಹೋಯ್ತು. ಹಾಡು ಮಾಡೋವಾಗ ನನಗೇ ಕೆಮ್ಮು ಬಂತು. ಕೇಳಿ ನೋಡಿದ್ರೆ ಅಪ್ಪನ ಥರಾನೇ ಇತ್ತು. ಎಲ್ಲರೂ ಅಪ್ಪಂದು ಅಂದ್ರು. ಸುಮ್ಮನಿದ್ದೆ."

"ಅಕ್ಕ ಅಷ್ಟೆಲ್ಲ ಬೈದ್ಲು. ನಾನು ಬೈದೆ."

"ಬೈದ್ರೆ ಬೈಲಿ. ನಂದು ಅಂದಿದ್ರೆ ನೀನು ಹಾಡೋಕೆ ಬಿಡ್ತಿದ್ಯಾ? ಕೆಮ್ಮೋನ ಜೊತೆ ಯಾವ ಕಂಪನಿ ಸಹಿ ಹಾಕುತ್ತೆ?"

ಇಸ್ತ್ರಿಯಮ್ಮ ಮುಚ್ಚಳಕ್ಕೆ ಇನ್ನಷ್ಟು ನೀರು ಬಗ್ಗಿಸಿದಳು. ಸತ್ತವನ ಕೆಮ್ಮು ಎಂದು ತಿಂಗಳುಗಟ್ಟಲೆ ಕಣ್ಣೀರು ಹಾಕಿದ್ದಳು, ಇಲ್ಲದವನಿಗೆ ನೀರಿಟ್ಟಿದ್ದಳು. ಬದುಕಿದ್ದವನು ವಾರವಾರವೂ ಎದುರಿಗೆ ಬಂದು ಕೂತು ಗಂಟಲು ಬಿಗಿಹಿಡಿದು ಎದ್ದು ಹೋಗಿದ್ದ. ಅವನಿಗೆ ಒಂದು ಲೋಟ ನೀರು ಕಾಯಿಸಿ ಕೊಟ್ಟಿರಲಿಲ್ಲ. ಹೊಗೆಯ ವಾಸನೆ ಇಲ್ಲದ ಅಂಗಿ ಅವಳ ಕೈಯಲ್ಲೇ ಇತ್ತು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರವಸ್ತ್ರ ತೆಗೆದುಕೊಂಡಳು. ನೋಡಿದಳು. ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಇವೆಲ್ಲ ಎಲ್ಲಿಟ್ಟಿದೀಯ? ನಾಳೆ ತಂದುಕೊಡು, ಒಗೀತೀನಿ" ಎಂದಳು.

ಅಷ್ಟರಲ್ಲಿ ಕಂಪನಿಯವನು ಓಡಿ ಬಂದ. ಕಣ್ಣು ಹೊಳೆಯುತ್ತಿತ್ತು. "ಏನಪ್ಪ ಅದು ಕೊನೇದು! ಮೈ ಜುಂ ಅಂತು. ಮುಂದಿನ ಶೋನಲ್ಲೂ ಇಡೋಣ, ಹಾಗೇ, ಮೈಕ್ ಬೀಳಿಸೋದೂ ಸೇರಿ."

"ಮುಂದಿನದು ಇಲ್ಲ" ಎಂದಳು ಇಸ್ತ್ರಿಯಮ್ಮ. "ಸೋಮವಾರ ಡಾಕ್ಟರ ಹತ್ರ ಹೋಗ್ಬೇಕು. ಏಳೋ ಮಗ."

ಕಂಪನಿಯವನು ನಕ್ಕ. ಯಾರೂ ನಗದ್ದನ್ನು ನೋಡಿ ನಿಲ್ಲಿಸಿದ.

ಮನೆಗೆ ಬಂದಾಗ ಅಜ್ಜಿ ಮಂಚದಲ್ಲಿ ಎದ್ದು ಕೂತಿದ್ದಳು. ಮೊಮ್ಮಗನ ಹೆಜ್ಜೆಗೆ ಕಿವಿಗೊಟ್ಟು ಕೈ ಚಾಚಿದಳು. ಅವನ ಕೆನ್ನೆ, ಮೂಗು, ಗಡ್ಡ ಸವರಿದಳು.

"ಬಂದ್ಯಾ?"

ಅವನು ತಾಯಿಯ ಕಡೆ ನೋಡಿದ.

"ಬಂದೆ."

"ಎಷ್ಟು ಅಲೆದೆಯೋ. ಕೈ ತೊಳ್ಕೊಂಡು ಬಾ." ಮಂಚದ ಕೆಳಗಿನ ತಟ್ಟೆ ಎಳೆದಳು. ಮಧ್ಯಾಹ್ನ ತನಗೆ ಬಡಿಸಿದ್ದನ್ನೇ ಎತ್ತಿಟ್ಟಿದ್ದಳು, ತಣ್ಣಗಿನ ಅನ್ನ, ಒಣಗಿದ ಮೊಟ್ಟೆ. ಇಸ್ತ್ರಿಯಮ್ಮ ಬಿಸಿಯದು ಬಡಿಸುತ್ತೇನೆ ಎಂದರೂ ಬಿಡಲಿಲ್ಲ. ಅವನು ಅಪ್ಪ ಕೂರುತ್ತಿದ್ದ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತು ತಿಂದ. ಅಜ್ಜಿ ಅವನು ಅಗಿಯುವ ಸದ್ದನ್ನು ಕೇಳುತ್ತ ಕೇಳುತ್ತ ತಾನೂ ತಿಂದಳು, ಎಷ್ಟೋ ದಿನಗಳ ಮೇಲೆ, ತಟ್ಟೆ ಖಾಲಿಯಾಗುವವರೆಗೆ. ಸಲೂನಿನವನು ಕಣ್ಣೊರೆಸಿಕೊಂಡು ಎದ್ದು ಹೋದ. ಇಸ್ತ್ರಿಯಮ್ಮ ಮಾತ್ರ ತಿನ್ನಲಿಲ್ಲ. ಗೋಡೆಗೆ ಒರಗಿದ ಆ ಬೆನ್ನು, ಬಗ್ಗಿದ ಆ ಹೆಗಲು, ಎರಡು ತುತ್ತಿನ ನಡುವೆ ಉಸಿರಿಗಾಗಿ ನಿಲ್ಲುವ ಆ ಕೈ, ಎಲ್ಲವನ್ನೂ ಅವಳು ಒಮ್ಮೆ ಕೊನೆಯವರೆಗೂ ನೋಡಿದ್ದಳು.

ಸೋಮವಾರ ಅಂಗಡಿ ತೆರೆಯಲಿಲ್ಲ. ಮಗಳು ರಜೆ ಹಾಕಿ ಬಂದು ಅಜ್ಜಿಯ ತಲೆ ಬಾಚುತ್ತಿದ್ದಳು. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿತ್ತು. ತಮ್ಮನ ಜಾಕೆಟ್ಟಿನ ಗುಂಡಿ ಹೊಲಿದು ಕೊಟ್ಟಿದ್ದಳು. ಇಸ್ತ್ರಿಯಮ್ಮ ಹೊರಡಲು ಸೀರೆ ಬದಲಿಸಿಕೊಂಡು, ಒಗೆದು ಒಣಗಿಸಿದ ಕರವಸ್ತ್ರಗಳನ್ನು ಮಡಿಸುತ್ತಿದ್ದಳು.

ಆಗ ಕೆಮ್ಮು ಕೇಳಿಸಿತು. ಮೂರು ಗಿಡ್ಡ, ಒಂದು ಉದ್ದ. ಸಲೂನು ತೆರೆಯುವ ಹೊತ್ತೂ ಅದೇ, ಮಗ ಒಳಕೋಣೆಯಲ್ಲಿ ಎದ್ದು ಕೂರುವ ಹೊತ್ತೂ ಅದೇ. ಎಲ್ಲಿಂದ ಬಂತೆಂದು ಅವಳು ನೋಡಲು ಹೋಗಲಿಲ್ಲ. ಕರವಸ್ತ್ರ ಪಕ್ಕಕ್ಕಿಟ್ಟು, ಒಲೆ ಹೊತ್ತಿಸಿ, ಚಿಕ್ಕ ಪಾತ್ರೆಯಲ್ಲಿ ನೀರಿಟ್ಟಳು. ನೀರು ಸಣ್ಣಗೆ ಸದ್ದು ಮಾಡತೊಡಗಿತು. ಅವಳು ಒಲೆ ಆರಿಸಲಿಲ್ಲ, ಕುದಿಯುವವರೆಗೂ ಅಲ್ಲೇ ನಿಂತಳು.